ಮೂಲೆ ಮುಚ್ಚದ ಕೌದಿ

ಮೊನ್ನೆ ಮೊಮ್ಮಗಳು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಯಾವುದೋ ದೇಶದ ಗಂಡ ಹೆಂಡತಿ ಒಂದು ಸಣ್ಣ ಹಾಯಿದೋಣಿಯಲ್ಲೇ ಸಂಸಾರ ಹೂಡಿದ್ದಾರೆ. ಹಗಲು ಕೂರುವ ಹಲಗೆಯೇ ರಾತ್ರಿ ಮಂಚ. ಮಂಚದ ಕೆಳಗೆ ಅಕ್ಕಿ, ಬೇಳೆ, ಬಟ್ಟೆ. ಊಟದ ಮೇಜನ್ನು ಕೆಳಗಿಳಿಸಿದರೆ ಇನ್ನೊಂದು ಹಾಸಿಗೆ. ತಲೆಯ ಮೇಲೆ ಬಲೆಯೊಳಗೆ ಈರುಳ್ಳಿ ತೂಗಾಡುತ್ತಿತ್ತು. ಆ ಹೆಂಗಸು ಒಂದೊಂದೇ ಮುಚ್ಚಳ ಎತ್ತಿ ತೋರಿಸುತ್ತ, ಇದನ್ನೆಲ್ಲ ತಾನೇ ಕಂಡುಹಿಡಿದವಳ ಹಾಗೆ ಬೀಗುತ್ತಿದ್ದಳು. ಮೊಮ್ಮಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ನನಗೆ ಸಿಟ್ಟೇ ಬಂತು. ಇದರಲ್ಲೇನಿದೆ, ನಾವು ಇಂಥದ್ದರಲ್ಲೇ ನಾಲ್ಕು ವರ್ಷ ಮಲಗಿದ್ದೇವೆ ಎಂದೆ. ದೋಣಿಯಲ್ಲಾ ಅಜ್ಜಿ ಎಂದು ಕೇಳಿದಳು. ದೋಣಿಯಲ್ಲ, ಕಾಲುವೆಯಲ್ಲಿ, ಅದೂ ಅದಕ್ಕೆ ನೀರು ಬರುವ ಮುಂಚೆ ಎಂದೆ. ಅವಳು ನನ್ನ ಮುಖ ನೋಡಿ ಮತ್ತೆ ಫೋನು ನೋಡಿದಳು. ಅವಳ ತಪ್ಪೇನಿಲ್ಲ. ಸರಿಯಾಗಿ ಹೇಳದೆ ಹೋದರೆ ಯಾರಿಗೆ ತಾನೇ ತಿಳಿದೀತು.

ಅಪ್ಪ ಕಾಲುವೆ ಅಗೆಸುವ ಗುತ್ತೇದಾರರ ಹತ್ತಿರ ಇಂಜಿನ್ ಮಿಸ್ತ್ರಿಯಾಗಿದ್ದ. ಬಂಡೆಗೆ ತೂತು ಹೊಡೆಯುವ ಯಂತ್ರ, ತಗ್ಗಿನಲ್ಲಿ ನಿಂತ ನೀರನ್ನು ಎತ್ತುವ ಡೀಸೆಲ್ ಪಂಪು, ಎಲ್ಲ ಅವನ ಕೈಕೆಳಗೆ. ಕಾಲುವೆ ದಿನಕ್ಕಿಷ್ಟು ಮುಂದೆ ಹೋಗುತ್ತಿತ್ತು. ಅದರ ಹಿಂದೆ ಯಂತ್ರಗಳು, ಯಂತ್ರಗಳ ಹಿಂದೆ ಅಪ್ಪ, ಅಪ್ಪನ ಹಿಂದೆ ಅವ್ವ ಮತ್ತು ನಾನು. ಹೀಗೆ ನಡೆಯುತ್ತಲೇ ಇರುವವರಿಗೆ ಯಾರು ಮನೆ ಕಟ್ಟಿಕೊಡುತ್ತಾರೆ? ಗುತ್ತೇದಾರರು ಒಂದು ತಗಡಿನ ಗಾಡಿ ಕೊಟ್ಟಿದ್ದರು. ಕೆಳಗೆ ನಾಲ್ಕು ಗಾಲಿ, ಸುತ್ತ ತಗಡು, ಒಳಗೆ ಹಲಗೆ, ಹಿಂದೊಂದು ಬಾಗಿಲು, ಬಾಗಿಲಿಗೆ ಮೂರು ಕಬ್ಬಿಣದ ಮೆಟ್ಟಿಲು. ಟ್ರ್ಯಾಕ್ಟರಿಗೆ ಕಟ್ಟಿದರೆ ಮನೆ ಹೊರಟಿತು. ಎಲ್ಲರೂ ಅದನ್ನು ಡಬ್ಬಿ ಅನ್ನುತ್ತಿದ್ದರು. ಕೊಡೇಕಲ್ ಹತ್ತಿರ ನಾವು ಅದನ್ನು ಹೊಕ್ಕೆವು. ಸುರಪುರದ ಕಡೆಯ ಹೊಲಗಳಲ್ಲಿ ಎರಡು ವರ್ಷ ಕಳೆದು, ಶಹಾಪುರ ತಾಲ್ಲೂಕಿಗೆ ಬಂದಾಗಲೂ ಅದರೊಳಗೇ ಇದ್ದೆವು.

ಡಬ್ಬಿಯ ಒಳಗನ್ನು ನಾನು ಇವತ್ತಿಗೂ ಕಣ್ಣು ಮುಚ್ಚಿ ತಡವರಿಸದೆ ನಡೆಯಬಲ್ಲೆ. ನಡೆಯುವುದೇನು ಬಂತು, ನಾಲ್ಕು ಹೆಜ್ಜೆ. ಒಳಗೆ ಹೋದರೆ ಎಡಕ್ಕೆ ಅಗಲವಾದ ಹಲಗೆ, ಅದು ಅವ್ವನದು ಮತ್ತು ನನ್ನದು. ಬಲಕ್ಕೆ ಅಪ್ಪನ ಹಲಗೆ. ಅದಕ್ಕೆ ಕಬ್ಬಿಣದ ಸರಪಳಿ ಇತ್ತು. ಬೆಳಗಾದರೆ ಮೇಲೆತ್ತಿ ಗೋಡೆಗೆ ಚಿಲಕ ಹಾಕುತ್ತಿದ್ದ. ಅದನ್ನು ಇಳಿಸಿದಾಗ ಎರಡು ಹಲಗೆಗಳ ನಡುವೆ ಒಂದು ಕೊಡ ಇಡುವಷ್ಟು ನೆಲ ಉಳಿಯುತ್ತಿತ್ತು, ಅಲ್ಲಿ ಕೊಡವನ್ನೇ ಇಡುತ್ತಿದ್ದೆವು. ನಮ್ಮ ಹಲಗೆಯ ಕೆಳಗೆ ಉದ್ದಕ್ಕೂ ಒಂದು ಕಟ್ಟಿಗೆಯ ಸಂದೂಕ, ಅದಕ್ಕೆ ಪಕ್ಕಕ್ಕೆ ತೆರೆಯುವ ಬಾಗಿಲು. ಜೋಳದ ಚೀಲ, ಹಬ್ಬದ ಬಟ್ಟೆ, ಮಳೆಗಾಲದ ತಾಡಪಾಲು, ಒಂದು ಹಳೇ ಸೀರೆಗಳ ಗಂಟು, ಎಲ್ಲ ಅದರ ಹೊಟ್ಟೆಯೊಳಗೆ. ಛಾವಣಿಯಿಂದ ಹಗ್ಗದ ನೆಲುವು ಇಳಿಬಿದ್ದಿತ್ತು, ಅದರಲ್ಲಿ ಒಂದರ ಮೇಲೊಂದು ಗಡಿಗೆ: ಕೆಳಗೆ ಖಾರ, ನಡುವೆ ಶೇಂಗಾ ಹಿಂಡಿ, ಮೇಲೆ ಬೆಲ್ಲ. ಬೆಲ್ಲ ಮೇಲೇಕೆ ಎಂದು ನನ್ನನ್ನು ಕಂಡವರು ಯಾರೂ ಕೇಳುತ್ತಿರಲಿಲ್ಲ.

ಅವ್ವನದು ಒಂದು ಕಾನೂನು ಇತ್ತು. ಒಂದು ಸಾಮಾನು ಒಳಗೆ ಬರಬೇಕಾದರೆ ಒಂದು ಹೊರಗೆ ಹೋಗಬೇಕು. ಅಪ್ಪ ಸಂತೆಯಿಂದ ಹೊಸ ತಂಬಿಗೆ ತಂದರೆ ಹಳೆಯದು ಅವತ್ತೇ ಬೇರೆಯವರ ಪಾಲು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ದೊಡ್ಡವರು ಬಾಯಿಮಾತಿಗೆ ಹೇಳುತ್ತಾರೆ. ನಮಗೆ ಅದು ಗಾದೆಯಾಗಿರಲಿಲ್ಲ, ಅಪ್ಪನ ಕಾಲು ದಿನಾ ತಗಡಿಗೆ ತಾಗುತ್ತಿತ್ತು.

ಡಬ್ಬಿ ಜಾಗ ಬದಲಿಸುವ ದಿನ ಅವ್ವನ ಕೈ ನೋಡಬೇಕಿತ್ತು. ನೆಲುವಿನ ಗಡಿಗೆಗಳು ಇಳಿದು ಜೋಳದ ಚೀಲಕ್ಕೆ ಆನಿಸಿ ಕೂರುತ್ತಿದ್ದವು. ಕಂದೀಲಿನ ಗಾಜು ಹಳೇ ಸೀರೆ ಹೊಲಿದು ಮಾಡಿದ ಕೌದಿಯೊಳಗೆ ಸುತ್ತಿಕೊಂಡು ಮಲಗುತ್ತಿತ್ತು. ಕೊಡದ ನೀರು ಹೊರಗೆ ಚೆಲ್ಲಿ, ಕೊಡವನ್ನು ಬೋರಲು ಹಾಕಿ, ಬಾಗಿಲಿಗೆ ಹಗ್ಗ ಬಿಗಿದು, ಕೊನೆಗೆ ಅವಳು ಗಾಡಿಗೆ ಕೈಮುಗಿಯುತ್ತಿದ್ದಳು. ಟ್ರ್ಯಾಕ್ಟರ್ ಹೊರಟರೆ ಒಳಗಿನಿಂದ ಒಂದು ಚಮಚೆಯ ಸದ್ದೂ ಬರಬಾರದು. ಬಂದರೆ ಅಪ್ಪ ತಿರುಗಿ ನೋಡಿ ನಗುತ್ತಿದ್ದ. ಅವ್ವನಿಗೆ ಮುಂದಿನ ಊರು ಬರುವ ತನಕ ಮುಖ ಬಿಗಿ. ಆ ತಗಡು ಬಿಸಿಲಿಗೆ ಕಾದು ಬಿಡುತ್ತಿದ್ದ ವಾಸನೆ, ಡೀಸೆಲ್ಲಿನ ಜೊತೆ ಜೋಳದ ರೊಟ್ಟಿಯ ವಾಸನೆ, ನನಗೆ ಈಗಲೂ ಬೇಕು ಅನಿಸುತ್ತದೆ. ಮೂರು ಕೋಣೆಯ ಮನೆಯಲ್ಲಿ ಕೂತು ಹೀಗೆ ಹೇಳಿದರೆ ಮಗ ನಗುತ್ತಾನೆ. ನಗಲಿ.

ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಅವ್ವ ಮತ್ತೆ ಬಸುರಿಯಾದಳು. ಅವಳ ತಾಯಿ ತೀರಿಹೋಗಿದ್ದಳು, ತವರಿನಲ್ಲಿ ಬಾಣಂತನ ಮಾಡುವವರು ಇರಲಿಲ್ಲ. ಶಹಾಪುರದಲ್ಲಿ ಅಪ್ಪನ ಅಕ್ಕ, ನನ್ನ ಅತ್ತೆ, ಇದ್ದಳು. ಅವಳ ಗಂಡ ಅಡತಿ ಅಂಗಡಿಯಲ್ಲಿ ಹತ್ತಿ ತೂಕದ ಕೆಲಸ ಮಾಡುತ್ತಿದ್ದ. ಅತ್ತೆ ಒಳ್ಳೆಯವಳು, ಅವಳ ಬಗ್ಗೆ ಒಂದು ಮಾತು ಕೆಟ್ಟದಾಗಿ ಬರೆದರೆ ನನ್ನ ಕೈ ಬಿದ್ದುಹೋದೀತು. ಒಂದು ಸಲ ಅವಳೇ ಬಸ್ಸು ಹಿಡಿದು ಬಂದು, ಹೆರಿಗೆಗೆ ತನ್ನ ಮನೆಗೇ ಬರಬೇಕು ಎಂದು ಹೇಳಿ, ಡಬ್ಬಿಯನ್ನೊಮ್ಮೆ ಸುತ್ತ ನೋಡಿ ಹೋದಳು. ಆ ನೋಟ ನನಗೆ ಹಿಡಿಸಲಿಲ್ಲ.

ಬಿಸಿಲು ಹೊತ್ತಿನಲ್ಲಿ ನಾನು ಕೂರುತ್ತಿದ್ದುದು ಡಬ್ಬಿಯ ಅಡಿಯಲ್ಲಿ, ಗಾಲಿಗಳ ನಡುವಿನ ನೆರಳಿನಲ್ಲಿ. ಮೇಲೆ ಮಾತಾಡಿದರೆ ಹಲಗೆಯ ಸಂದಿನಿಂದ ನೇರ ನನ್ನ ತಲೆಯ ಮೇಲೆ ಬೀಳುತ್ತಿತ್ತು. ಅತ್ತೆ ಬಂದು ಹೋದ ಮರುದಿನ ಮಧ್ಯಾಹ್ನ ಅಪ್ಪ ಊಟಕ್ಕೆ ಬಂದಿದ್ದ. ಅವನು ಹಲಗೆಯನ್ನು ಗೇಣಿನಿಂದ ಅಳೆಯುವ ಸದ್ದು ಕೇಳಿಸಿತು, ಒಂದು, ಎರಡು, ಮೂರು.

“ಕೂಸು ಬಂದ್ರ ಇದರ ಮ್ಯಾಲೆ ಮೂರು ಮಂದಿ ಹಿಡಿಯಂಗಿಲ್ಲ,” ಎಂದ. “ಹುಡುಗಿನ್ನ ಅಕ್ಕನ ಮನ್ಯಾಗ ಬಿಡೂಣು. ಸಾಲಿನೂ ಒಂದ ಕಡೆ ಆಕ್ಕೈತಿ.”

ಸಾಲಿ ಅಂದರೆ ಶಾಲೆ. ಅದರ ಮಾತು ಸುಳ್ಳಾಗಿರಲಿಲ್ಲ, ಎರಡು ವರ್ಷದಲ್ಲಿ ಮೂರು ಶಾಲೆ ಬದಲಿಸಿದ್ದೆ. ಅವ್ವ ಏನಾದರೂ ಹೇಳುತ್ತಾಳೆ ಎಂದು ಕಿವಿ ಮೇಲೆ ಮಾಡಿ ಕಾದೆ. ಬಂದದ್ದು ಸಂದೂಕದ ಬಾಗಿಲು ತೆರೆದ ಸದ್ದು, ಆಮೇಲೆ ಮುಚ್ಚಿದ ಸದ್ದು. ಅವ್ವನ ಕಾನೂನು ನನಗೇ ತಿರುಗಿತ್ತು. ಒಂದು ಒಳಗೆ ಬರುತ್ತಿತ್ತು, ಒಂದು ಹೊರಗೆ ಹೋಗಬೇಕು, ಆ ಒಂದು ನಾನು.

ಅಳುವ ಜಾತಿಯವಳಲ್ಲ ನಾನು. ಲೆಕ್ಕ ಹಾಕಿದೆ. ಹಲಗೆಯ ಮೇಲೆ ಜಾಗ ಇಲ್ಲದಿದ್ದರೆ ಹಲಗೆಯ ಕೆಳಗೆ ಮಲಗಿದರಾಯಿತು. ಸಂದೂಕ ನನಗಿಂತ ಉದ್ದ ಇತ್ತು. ಜೋಳದ ಚೀಲವನ್ನು ಕಾಲ ಕಡೆಗೆ ದೂಡಬಹುದು, ತಾಡಪಾಲನ್ನು ಮಡಚಿ ಕೆಳಗೆ ಹಾಸಬಹುದು. ಉಳಿದದ್ದು ಆ ಸೀರೆಗಳ ಗಂಟು. ನನ್ನಷ್ಟೇ ದಪ್ಪ ಇತ್ತು, ಯಾರೂ ಉಡುತ್ತಿರಲಿಲ್ಲ. ಈಗೀಗ ಅವ್ವ ಅದನ್ನು ದಿನಾ ಬಿಚ್ಚಿ, ಒಂದೊಂದು ಸೀರೆ ಮುಖಕ್ಕೆ ಒತ್ತಿ ನೋಡಿ, ಮತ್ತೆ ಕಟ್ಟುತ್ತಿದ್ದಳು. ಹುಟ್ಟುವ ಕೂಸಿಗೆ ಕೌದಿ ಹೊಲಿಯಲು ಇಟ್ಟಿದ್ದಾಳೆ ಎಂದು ನಾನೇ ತೀರ್ಮಾನ ಮಾಡಿದೆ. ನನ್ನ ಜಾಗವೂ ಅದಕ್ಕೆ, ಸೀರೆಗಳೂ ಅದಕ್ಕೆ. ನನಗೆ ಹೊಟ್ಟೆಕಿಚ್ಚು ಬಂತು, ಈಗ ಹೇಳಲು ನಾಚಿಕೆಯೇನಿಲ್ಲ.

ಸಂತೆಯ ಮರುದಿನ ಭಾಂಡೆ ಮಾರುವ ಹೆಣ್ಣುಮಗಳೊಬ್ಬಳು ಕೆಲಸಗಾರರ ಗುಡಿಸಲುಗಳ ಕಡೆ ಬರುತ್ತಿದ್ದಳು. ಹಳೇ ಬಟ್ಟೆ ಕೊಟ್ಟರೆ ಸ್ಟೀಲಿನ ಪಾತ್ರೆ ಕೊಡುವವಳು. ಅವ್ವ ಪಕ್ಕದ ಹೊಲದ ಬಾವಿಗೆ ಬಟ್ಟೆ ಒಗೆಯಲು ಹೋಗಿದ್ದಳು. ನಾನು ಗಂಟನ್ನು ದರದರ ಎಳೆದುಕೊಂಡು ಹೋಗಿ ಅವಳ ಮುಂದೆ ಹಾಕಿದೆ. ಅವ್ವ ಕಳಿಸಿದ್ದಾಳಾ ಎಂದು ಕೇಳಿದಳು. ಹೌದು ಎಂದೆ. ಅವಳು ಸೀರೆಗಳನ್ನು ಬಿಸಿಲಿಗೆ ಹಿಡಿದು ನೋಡಿ, ಮುಚ್ಚಳ ಇರುವ ಒಂದು ಸಣ್ಣ ಸ್ಟೀಲ್ ಡಬ್ಬ ಕೊಟ್ಟಳು. ಅಷ್ಟು ದೊಡ್ಡದು ಹೋಗಿ ಇಷ್ಟು ಸಣ್ಣದು ಬಂದದ್ದಕ್ಕೆ ಅವ್ವ ನನ್ನ ಬೆನ್ನು ತಟ್ಟುತ್ತಾಳೆ ಎಂದೇ ನಂಬಿದ್ದೆ. ಜಾಗ ಉಳಿಸುವುದರಲ್ಲಿ ನಾನು ಅವಳ ಮಗಳೇ.

ಓಡಿಬಂದು ಸಂದೂಕದೊಳಗೆ ಹೊಕ್ಕು ಮಲಗಿ ನೋಡಿದೆ. ಹಿಡಿಯಿತು. ಸ್ವಲ್ಪ ಕಾಲು ಮಡಚಬೇಕು, ಅಷ್ಟೇ. ಕತ್ತಲಲ್ಲಿ ಜೋಳದ ತಂಪು ವಾಸನೆ. ಹಾಗೇ ನಿದ್ದೆ ಹತ್ತಿತು. ಎಚ್ಚರವಾದಾಗ ಬಾಗಿಲು ತೆರೆದಿತ್ತು, ಅವ್ವ ಬಗ್ಗಿ ನನ್ನನ್ನೇ ನೋಡುತ್ತಿದ್ದಳು, ಕೈಯಲ್ಲಿ ಸೂಜಿ ದಾರ.

ಗಂಟು ಎಲ್ಲಿ ಎಂದು ಕೇಳಿದಳು. ನಾನು ಸ್ಟೀಲ್ ಡಬ್ಬ ಮುಂದೆ ಹಿಡಿದೆ. ಇಲ್ಲಿ ಮಲಗುತ್ತೇನೆ, ಕೂಸಿಗೆ ಮೇಲೆ ಜಾಗ ಆಗುತ್ತದೆ ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವಳು ನಿಧಾನವಾಗಿ ನೆಲಕ್ಕೆ ಕೂತಳು. ಬಸುರಿ ಹೊಟ್ಟೆ, ಕೂರುವುದೂ ಕಷ್ಟ. ಬಹಳ ಹೊತ್ತು ಆ ಡಬ್ಬದ ಮುಚ್ಚಳ ತೆಗೆದಳು, ಹಾಕಿದಳು.

“ಅವು ನಮ್ಮವ್ವನ ಸೀರಿ,” ಎಂದಳು. “ನಿನಗ ಕೌದಿ ಹೊಲಿಯಾಕ ಇಟ್ಟಿದ್ದೆ. ಮಂದಿ ಮನ್ಯಾಗ ಮಂದಿ ಕೌದಿ ಹೊಚಗೊಂಡು ಮಲಗಬಾರದು ನೀ.”

ನಮ್ಮ ಕಡೆ ಮಗಳನ್ನು ಬೇರೆ ಮನೆಗೆ ಇರಲು ಕಳಿಸುವಾಗ ತವರಿನ ಸೀರೆಗಳ ಕೌದಿ ಹೊಲಿದು ಕೊಟ್ಟು ಕಳಿಸುವುದು ಪದ್ಧತಿ. ಮದುವೆಗಾದರೂ ಸರಿ, ಶಾಲೆಗಾದರೂ ಸರಿ. ಆ ಮಾತು ನನಗೆ ಎರಡು ಕಡೆಯಿಂದ ಬಡಿಯಿತು. ನಾನು ಕಳೆದದ್ದು ಕೂಸಿನದಲ್ಲ, ನನ್ನದು. ಮತ್ತೆ, ನನ್ನನ್ನು ಕಳಿಸಲು ಅವ್ವ ಆಗಲೇ ತಯಾರಾಗಿದ್ದಳು. ಸಿಟ್ಟು ನೆತ್ತಿಗೇರಿತು.

“ಹೋದದ್ದು ಛಲೋ ಆತು,” ಎಂದೆ. “ಕೌದಿ ಇಲ್ಲಂದ್ರ ನಾ ಎಲ್ಲಿಗೂ ಹೋಗಂಗಿಲ್ಲ.”

ಅವ್ವ ಕಪಾಳಕ್ಕೆ ಒಂದು ಕೊಟ್ಟಳು. ಕೊಟ್ಟ ಕೈಯಿಂದಲೇ ನನ್ನನ್ನು ಎಳೆದು ಎದೆಗೆ ಒತ್ತಿಕೊಂಡು, ಅವಳ ತಾಯಿ ಸತ್ತ ದಿನ ಅತ್ತ ಹಾಗೆ ಅತ್ತಳು. ಒಳಗಿನಿಂದ ಕೂಸು ಒದ್ದದ್ದು ನನ್ನ ಕೆನ್ನೆಗೆ ಗೊತ್ತಾಯಿತು. ಅದರ ಮೇಲೆ ಸಿಟ್ಟು ಮಾಡಿಕೊಳ್ಳಲು ಆಮೇಲೆ ನನಗೆ ಆಗಲಿಲ್ಲ.

ಅಪ್ಪ ಸಾಯಂಕಾಲ ಬಂದವನೇ ಸೈಕಲ್ ಹತ್ತಿ ಭಾಂಡೆಯವಳನ್ನು ಹುಡುಕಿಕೊಂಡು ಮುಂದಿನ ಎರಡು ಊರು ಸುತ್ತಿದ. ಅವಳು ಸಿಕ್ಕಳು, ಸೀರೆಗಳು ಸಿಗಲಿಲ್ಲ. ಸುರಪುರದಿಂದ ಬಂದ ಯಾರೋ ಒಟ್ಟಿಗೆ ಒಯ್ದಿದ್ದರಂತೆ. ಅಪ್ಪ ನನಗೆ ಬೈಯಲಿಲ್ಲ. ಮರುದಿನ ಮಧ್ಯಾಹ್ನ ಕೈ ಡ್ರಿಲ್ಲು ತಂದು, ಸಂದೂಕದಲ್ಲಿ ನನ್ನ ತಲೆ ಬರುವ ಕಡೆ ಹಲಗೆಗೆ ಸಾಲಾಗಿ ತೂತು ಕೊರೆದ. ಹಗಲು ನಿದ್ದೆ ಮಾಡಿದರೂ ಉಸಿರಾಡಬೇಕಲ್ಲ ಎಂದಷ್ಟೇ ಹೇಳಿದ. ಆದರೂ ಶಹಾಪುರದ ಮಾತನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅವ್ವ ಬೇರೆ ಕೌದಿ ಶುರು ಮಾಡಿದಳು. ತನಗಿದ್ದ ಮೂರು ಸೀರೆಗಳಲ್ಲಿ ಒಂದನ್ನು ಹರಿದಳು. ಅದು ಸಾಲದು. ಕಾಲುವೆ ಕೆಲಸದ ಹೆಂಗಸರು ಒಬ್ಬೊಬ್ಬರಾಗಿ ತುಂಡು ತಂದುಕೊಟ್ಟರು. ಪಾಲಮೂರಿನ ಕಡೆಯಿಂದ ಮಣ್ಣು ಹೊರಲು ಬಂದಿದ್ದ, ತೆಲುಗು ಮಾತಾಡುವ ಮುದುಕಿಯೊಬ್ಬಳು ಅರ್ಧ ಹಸಿರು ಸೀರೆ ಕೊಟ್ಟಳು. ಟ್ರ್ಯಾಕ್ಟರ್ ಓಡಿಸುವವನ ಹೆಂಡತಿ ತನ್ನ ನಿಕಾಹ್‌ದ ಓಢಣಿಯ ಅಂಚು ಕತ್ತರಿಸಿ ಕೊಟ್ಟು, ಬೇಟಿಗೆ ಬೆಚ್ಚಗಿರಲಿ ಎಂದಳು. ಡಬ್ಬಿಯ ನೆರಳಿನಲ್ಲಿ ಕೂತು ಅವ್ವ ಸಣ್ಣ ಸಣ್ಣ ಹೊಲಿಗೆ ಹಾಕುತ್ತ ಹೋದಳು. ಸೂಜಿ ದಾರಕ್ಕೆ ಆ ಸ್ಟೀಲ್ ಡಬ್ಬವೇ ಆಯಿತು. ಹಿರಿಯರ ಸೀರೆ ಕೊಟ್ಟು ಕೊಂಡದ್ದು, ಸುಮ್ಮನೆ ಇರಬಾರದು ಎಂದು ಬಂದವರಿಗೆಲ್ಲ ಅದರ ಕತೆ ಹೇಳಿ ನನ್ನ ಮಾನ ಕಳೆಯುತ್ತಿದ್ದಳು.

ಕೌದಿ ಹೊಲಿಯುವಾಗ ಕೊನೆಯ ಒಂದು ಮೂಲೆಯನ್ನು ನಾಲ್ಕು ಬೆರಳು ಅಗಲ ಬಿಡುತ್ತಾರೆ. ಅಲ್ಲಿಂದ ಒಳಗೆ ಒಂದು ಚೂರು ಜೋಳದ ರೊಟ್ಟಿ ಇಟ್ಟು ಆಮೇಲೆ ಮೂಲೆ ಮುಚ್ಚುತ್ತಾರೆ. ಹಸಿದ ಕೌದಿ ಹೊದ್ದರೆ ಹೊದ್ದವರೂ ಹಸಿದಿರುತ್ತಾರೆ ಎಂಬ ನಂಬಿಕೆ. ರೊಟ್ಟಿ ಬಿದ್ದು ಮೂಲೆ ಮುಚ್ಚಿದರೆ ಮಾತ್ರ ಕೌದಿ ಮುಗಿದ ಹಾಗೆ. ಅವ್ವನ ಕೌದಿ ಆ ಮೂಲೆಗೆ ಬಂದು ನಿಂತಾಗ ಹೆರಿಗೆಯ ದಿನ ಹತ್ತಿರ ಬಂದಿತ್ತು. ಕೌದಿಯನ್ನು ಹಾಗೇ ಸುತ್ತಿಕೊಂಡು, ನನ್ನನ್ನೂ ಕರೆದುಕೊಂಡು ಶಹಾಪುರಕ್ಕೆ ಹೋದಳು.

ತಂಗಿ ಹುಟ್ಟಿದಳು. ಅತ್ತೆ ಇಬ್ಬರಿಗೂ ಎರೆದಳು, ಕಾಯಿಸಿದಳು, ನನ್ನನ್ನು ಹತ್ತಿರದ ಶಾಲೆಗೆ ಸೇರಿಸಿದಳು. ಅತ್ತೆಯ ಮನೆಯಲ್ಲಿ ಕಾಲು ಚಾಚಿ ಮಲಗಬಹುದಿತ್ತು. ಎಷ್ಟು ಚಾಚಿದರೂ ಏನೂ ತಾಗುತ್ತಿರಲಿಲ್ಲ, ಅದಕ್ಕೇ ನಿದ್ದೆ ಬರುತ್ತಿರಲಿಲ್ಲ. ಮೂರನೇ ತಿಂಗಳು ಅಪ್ಪ ಕರೆಯಲು ಬಂದ. ಅವ್ವ ಮತ್ತು ತಂಗಿ ಹೊರಡಬೇಕು, ನಾನು ಉಳಿಯಬೇಕು. ಅವ್ವ ಗಂಟು ಕಟ್ಟುತ್ತಿದ್ದಳು. ಅತ್ತೆ ಹುಡುಗಿಯ ಕೌದಿ ಎಲ್ಲಿ, ಕೊಡು ಎಂದು ಕೇಳಿದಳು.

ಅವ್ವ ಕೌದಿ ಬಿಡಿಸಿ ತೆರೆದ ಮೂಲೆ ತೋರಿಸಿದಳು. “ಇನ್ನಾ ಮುಗಿದಿಲ್ರೀ ಅಕ್ಕಾ,” ಎಂದಳು. “ಹಸದ ಕೌದಿ ಕೊಟ್ಟು ಮಗಳನ್ನ ಬಿಟ್ಟು ಹೋಗಂಗಿಲ್ಲ ನಾ.”

ನಾಲ್ಕು ಬೆರಳಿನ ಹೊಲಿಗೆ, ನಾನೇ ಈಗ ಹಾಕುತ್ತೇನೆ ಎಂದು ಅತ್ತೆ ಸೂಜಿ ಕೇಳಿದಳು. ಶುರು ಮಾಡಿದವರೇ ಮುಗಿಸಬೇಕು ಎಂದಳು ಅವ್ವ. ಹಾಗಾದರೆ ನೀನೇ ಹಾಕು, ಬಸ್ಸಿಗೆ ಹೊತ್ತಿದೆ ಎಂದಳು ಅತ್ತೆ. ಬಾಣಂತಿ ಕಣ್ಣಿಗೆ ಸೂಜಿ ಕೆಲಸ ಒಳ್ಳೆಯದಲ್ಲ ಎಂದಳು ಅವ್ವ. ಅತ್ತೆ ಅವ್ವನ ಮುಖ ನೋಡಿದಳು. ಆಮೇಲೆ ಒಳಗೆ ಹೋಗಿ, ನನ್ನ ಎರಡು ಲಂಗ ತಂದು ಅವ್ವನ ಗಂಟಿನೊಳಗೆ ತುರುಕಿದಳು. ಅಪ್ಪ ಬಾಗಿಲಲ್ಲಿ ನಿಂತು ಮೀಸೆ ತಿರುವುತ್ತಿದ್ದ. ಬಸ್ಸಿನಲ್ಲಿ ನಾನು ಅವ್ವನ ತೊಡೆ ಬಿಡಲಿಲ್ಲ. ಅವ್ವನ ಸೋಮಾರಿತನದಿಂದ ನಾನು ಬಚಾವಾದೆ ಎಂದುಕೊಂಡೆ. ನನ್ನ ಬುದ್ಧಿ ಅಷ್ಟೇ ಇತ್ತು.

ಮುಂದೆ ಎರಡು ವರ್ಷ ಡಬ್ಬಿಯಲ್ಲಿ ನಾಲ್ಕು ಜನ ಇದ್ದೆವು. ತಂಗಿಗೆ ನೆಲುವಿನ ಪಕ್ಕ ಜೋಳಿಗೆ ಕಟ್ಟಿದೆವು. ಬೆಲ್ಲದ ಗಡಿಗೆ ಅವಳಿಗೂ ನನಗೂ ಸಮ ದೂರ. ನಾನು ಸಂದೂಕದಲ್ಲಿ ಮಲಗಿದೆ; ಅಪ್ಪ ಕೊರೆದ ತೂತುಗಳಿಂದ ಬೆಳಗಿನ ಬೆಳಕು ನನ್ನ ಮುಖದ ಮೇಲೆ ಸಾಲಾಗಿ ಬೀಳುತ್ತಿತ್ತು. ಕೌದಿಯ ಬಗ್ಗೆ ಅವ್ವ ಒಂದು ಹೊಸ ಕಾನೂನು ಮಾಡಿದ್ದಳು. ಮೂಲೆ ಮುಚ್ಚದ ಕೌದಿಯನ್ನು ಹಾಸಬಹುದು, ಹೊದೆಯಬಾರದು. ಹಾಗಾಗಿ ಅದು ನನ್ನ ಬೆನ್ನ ಕೆಳಗೇ ಇತ್ತು. ಅತ್ತೆ ವರ್ಷಕ್ಕೊಮ್ಮೆ ಕೌದಿ ಮುಗಿಯಿತಾ ಎಂದು ಕೇಳುತ್ತಿದ್ದಳು, ಅವ್ವ ಇನ್ನೂ ಇಲ್ಲ ಅನ್ನುತ್ತಿದ್ದಳು, ಇಬ್ಬರೂ ನಗುತ್ತಿದ್ದರು. ಕೊನೆಗೆ ಕಾಲುವೆಗೆ ನೀರು ಬಂತು. ನಾವು ಮಲಗಿ ಎದ್ದ ಜಾಗಗಳ ಪಕ್ಕದಲ್ಲೇ ಕೆಂಪು ನೀರು ಹರಿದುಹೋಯಿತು. ಅಪ್ಪನಿಗೆ ಯಾದಗಿರಿಯಲ್ಲಿ ರಿಪೇರಿ ಕೆಲಸ ಸಿಕ್ಕಿತು, ಬಾಡಿಗೆ ಮನೆ ಹಿಡಿದೆವು. ಡಬ್ಬಿಯನ್ನು ಗುತ್ತೇದಾರರು ಎಲ್ಲಿಗೋ ಎಳೆಸಿಕೊಂಡು ಹೋದರು. ನಾನು ಅದರ ಹಿಂದೆ ಸ್ವಲ್ಪ ದೂರ ನಡೆದೆ. ಒಳಗೆ ಏನೂ ಇರಲಿಲ್ಲ, ಆದರೂ ಬಹಳ ಸದ್ದು ಮಾಡುತ್ತಿತ್ತು.

ನನ್ನ ಮದುವೆ ಆ ಬಾಡಿಗೆ ಮನೆಯ ಮುಂದೆ ಹಂದರ ಹಾಕಿ ಆಯಿತು. ಕಳಿಸಿಕೊಡುವ ಹೊತ್ತಿಗೆ ಅತ್ತೆ ನನ್ನ ಸಾಮಾನು ಹೊಂದಿಸುತ್ತ, ಆ ಕೌದಿ ಇವತ್ತಾದರೂ ಮುಗಿಯುತ್ತದೋ ಹೇಗೆ ಎಂದು ಅವ್ವನನ್ನು ಕೆಣಕಿದಳು. ಸುತ್ತ ಇದ್ದ ಹೆಂಗಸರು ನಕ್ಕರು. ಅವ್ವ ನಗಲಿಲ್ಲ. ಒಳಗಿನಿಂದ ಕೌದಿ ತಂದು ತೊಡೆಯ ಮೇಲೆ ಹರವಿದಳು. ಸ್ಟೀಲ್ ಡಬ್ಬ ತೆರೆದು ಸೂಜಿ ತೆಗೆದು, ದಾರ ಪೋಣಿಸಲು ಕಣ್ಣು ಕಾಣದೆ ನನ್ನ ಕೈಗೆ ಕೊಟ್ಟಳು. ನಾನು ಪೋಣಿಸಿ ಕೊಡುತ್ತ, ಇಷ್ಟು ವರ್ಷ ನಾಲ್ಕು ಬೆರಳು ಹೊಲಿಯಲು ಪುರುಸೊತ್ತಾಗಲಿಲ್ಲವಾ ಎಂದು ಕೇಳಿದೆ. ತಮಾಷೆಗೇ ಕೇಳಿದ್ದು.

ಅವ್ವ ರೊಟ್ಟಿಯ ಚೂರನ್ನು ಮೂಲೆಯೊಳಗೆ ಇಟ್ಟು, ಬೆರಳಿನಿಂದ ಒಳಗೆ ದೂಡಿದಳು.

“ಕೌದಿ ಇಲ್ಲಂದ್ರ ಎಲ್ಲಿಗೂ ಹೋಗಂಗಿಲ್ಲ ಅಂತ ನೀನ ಅಂದಿದ್ದಿ,” ಎಂದಳು. “ಅದಕ್ಕ ಮುಗಸಲಿಲ್ಲ.”

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದಳು. ಅವ್ವ ತಲೆ ಎತ್ತದೆ ಹೊಲಿದಳು. ನಾಲ್ಕು ಬೆರಳಿಗೆ ಅವಳು ತೆಗೆದುಕೊಂಡಷ್ಟು ಹೊತ್ತು ಯಾರೂ ತೆಗೆದುಕೊಳ್ಳುವುದಿಲ್ಲ. ಹೊರಗೆ ಗಾಡಿಯವನು ಎರಡು ಸಲ ಕರೆದ. ಕೊನೆಯ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದು, ಅವ್ವ ಕೌದಿ ಮಡಚಿ ನನ್ನ ಕೈಗೆ ಕೊಟ್ಟಳು.